ಹೆರಿಗೆ ಮನೆಯ ಕಾಣಿಕೆ ಡಬ್ಬಿ

ಶೇಸಪ್ಪನ ಹೆಂಡತಿ ಬಾಗಿ ಸತ್ತದ್ದು ಹೆರಿಗೆಯ ನಂತರ ರಕ್ತ ನಿಲ್ಲದೆ ಎಂದು ನರ್ಸಮ್ಮ ಪುಸ್ತಕದಲ್ಲಿ ಬರೆದಳು. ಅವಳು ಬರೆದುದರಲ್ಲಿ ಸುಳ್ಳಿಲ್ಲ. ಆದರೆ ಆ ಪುಸ್ತಕದಲ್ಲಿ ಒಂದು ತಗಡಿನ ಡಬ್ಬಿಯ ಮಾತಿಲ್ಲ, ಒಂದು ಬೋರ್ಡಿನ ಮಾತಿಲ್ಲ. ಡಬ್ಬಿಯನ್ನು ಗೋಡೆಗೆ ಹೊಡೆದು, ಬೋರ್ಡನ್ನು ಬರೆದ ಮಹಾಬಲ ರೈ ಎಂಬ ಮನುಷ್ಯನ ಹೆಸರೂ ಇಲ್ಲ. ಆ ಮನುಷ್ಯ ನಾನು. ಪುಸ್ತಕದಲ್ಲಿ ಬಿಟ್ಟುಹೋದುದನ್ನು ಇನ್ನು ನಾನೇ ಬರೆಯಬೇಕು.

ನಮ್ಮ ಊರು ಗುತ್ತಿಗಾರಿನಿಂದ ನಾಲ್ಕು ಮೈಲಿ ಒಳಗೆ. ಇಲ್ಲಿಯ ಎಲಿಮೆಂಟರಿ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಮಾಸ್ತರನಾಗಿದ್ದೆ. ನನಗೂ ನನ್ನ ಹೆಂಡತಿ ವಾರಿಜಾಕ್ಷಿಗೂ ಇದ್ದದ್ದು ಒಬ್ಬಳೇ ಮಗಳು, ಅಮ್ಮು. ಅವಳನ್ನು ಈಶ್ವರಮಂಗಲದ ಕಡೆಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕ್ರಮವಾದ್ದರಿಂದ ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮುಗಿಸಿ ಕರೆತಂದೆವು. ೧೯೬೪ರ ಮಳೆಗಾಲ, ಆಟಿ ತಿಂಗಳಲ್ಲಿ ಎರಡು ದಿನ ನೋವು ತಿಂದಳು. ಮೂರನೆಯ ದಿನ ನಾಲ್ವರು ಹೊತ್ತುಕೊಂಡು ಸುಳ್ಯದ ದಾರಿ ಹಿಡಿದರು. ಹೊಳೆ ಏರಿತ್ತು, ದೋಣಿ ಬಿಡಲಿಲ್ಲ. ಈಚೆ ದಡದಲ್ಲಿಯೇ ಮಗಳು ಹೋದಳು, ಹೊಟ್ಟೆಯಲ್ಲಿದ್ದುದೂ ಹೋಯಿತು. ಅವಳಿಗೆ ಇಪ್ಪತ್ತು ವರ್ಷ.

ಆ ದಡದಲ್ಲಿ ನಿಂತು ನಾನು ದುರ್ಗಾಪರಮೇಶ್ವರಿಯಲ್ಲಿ ಒಂದು ಮಾತು ಹೇಳಿಕೊಂಡೆ. ನಮ್ಮೂರಿನ ಹೆಂಗಸು ಇನ್ನು ಹೆರಿಗೆಗಾಗಿ ಈ ಹೊಳೆ ದಾಟುವ ಹಾಗೆ ಆಗಬಾರದು, ಅದಕ್ಕೆ ಬೇಕಾದುದನ್ನು ಮಾಡಿಯೇ ಸಾಯುತ್ತೇನೆ ಎಂದು. ಎಂಟು ವರ್ಷ ಹಿಡಿಯಿತು. ರಸ್ತೆಯ ಬದಿಯ ಜಾಗ ನನ್ನದೇ. ಕಲ್ಲು, ಮರ, ಹಂಚು ಊರಿನವರು ಕೊಟ್ಟರು. ಕೂಲಿಯವರು ವಾರಕ್ಕೊಂದು ದಿನ ಸುಮ್ಮನೆ ಬಂದು ದುಡಿದರು. ಆ ಸುಮ್ಮನೆ ದುಡಿದವರಲ್ಲಿ ಶೇಸಪ್ಪನೂ ಅವನ ತಾಯಿ ಪೂವಕ್ಕನೂ ಇದ್ದರು. ಅಡಿಪಾಯದ ಕಲ್ಲನ್ನು ಹೊತ್ತವರೇ ಅವರು. ಎರಡು ಕೋಣೆ, ಮೂರು ಮಂಚ, ಒಂದು ಜಗಲಿ. ಸರಕಾರದಿಂದ ನರ್ಸಮ್ಮ ಬಂದಳು. ಹೆಸರು ಕೌಸಲ್ಯಾ, ನರಿಮೊಗರಿನವಳು, ಮಾತು ಸ್ವಲ್ಪ ಖಾರ, ಕೈ ಬಂಗಾರ. ೧೯೭೨ರಲ್ಲಿ ಬಾಗಿಲು ತೆರೆಯಿತು.

ತೆರೆದ ದಿನ ಬಾಗಿಲ ಪಕ್ಕದಲ್ಲಿ ದೇವಿಯ ಪಟ ಇಟ್ಟು, ಅದರ ಕೆಳಗೆ ಬೀಗ ಹಾಕಿದ ಒಂದು ತಗಡಿನ ಡಬ್ಬಿಯನ್ನು ನನ್ನ ಕೈಯಿಂದಲೇ ಗೋಡೆಗೆ ಹೊಡೆದೆ. ಹೆತ್ತು ಮನೆಗೆ ಹೋಗುವವರು ಕೈಲಾದುದನ್ನು ಹಾಕಲಿ, ದೀಪದ ಎಣ್ಣೆಗೂ ಸಾಬೂನಿಗೂ ಆದೀತು ಎಂದು ನನ್ನ ಎಣಿಕೆ. ದೇವರ ಮುಂದೆ ಡಬ್ಬಿ ಇಡುವುದರಲ್ಲಿ ಕೇಡುಂಟು ಎಂದು ನನಗೆ ಯಾರು ಹೇಳಿಯಾರು? ನಾನು ಹುಟ್ಟಿದಂದಿನಿಂದ ದೇವರಿದ್ದಲ್ಲೆಲ್ಲ ಡಬ್ಬಿ ನೋಡಿದವನು.

ಎರಡು ವರ್ಷ ಕಳೆಯುವಾಗ ಹೆರಿಗೆ ಮನೆಯ ಕಮಿಟಿಯ ಕಾರ್ಯದರ್ಶಿ ಯಜ್ಞೇಶ್ವರ ಭಟ್ಟರು ಒಂದು ಮಾತು ತಂದರು.

"ಮಾಸ್ಟ್ರೇ, ಕೈಲಾದ್ದು ಅಂದ್ರೆ ಎಷ್ಟು? ತೋಟ ಇದ್ದವರು ನಾಲ್ಕಾಣೆ ಹಾಕಿ ಹೋಗ್ತಾರೆ. ದೇವಸ್ಥಾನದಲ್ಲಿ ಸೇವೆಗೆ ಇಷ್ಟಿಷ್ಟು ಅಂತ ಬೋರ್ಡು ಇಲ್ವಾ? ಹಾಗೆ ಒಂದು ಮಾಡಿದ್ರೆ ಯಾರಿಗೂ ಮುಜುಗರ ಇಲ್ಲ."

ನನ್ನ ತಂಗಿಯ ಮಗ ಪ್ರೇಮನಾಥ ಖಜಾಂಚಿ. ಅವನು ಕೂಡಲೇ ಹೌದೆಂದ. ನಾನೂ ಹೌದೆಂದೆ. ಅಕ್ಷರ ದುಂಡಗೆ ಬರೆಯುವವನು ಊರಿನಲ್ಲಿ ನಾನೊಬ್ಬನೇ ಎಂದು ಬೋರ್ಡು ಬರೆಯುವ ಕೆಲಸ ನನಗೆ ಬಂತು. ಕಪ್ಪು ಹಲಗೆಯ ಮೇಲೆ ಬಿಳಿಯ ಬಣ್ಣದಲ್ಲಿ, ಮಕ್ಕಳಿಗೆ ಮಗ್ಗಿ ಬರೆಯುವ ಶ್ರದ್ಧೆಯಿಂದ ಬರೆದೆ. ಗಂಡು ಮಗು ರೂ. ೫೧. ಹೆಣ್ಣು ಮಗು ರೂ. ೩೧. ಕಷ್ಟದ ಹೆರಿಗೆ ರೂ. ೭೫. ಅವಳಿ ರೂ. ೧೦೧. ಆಗ ಹೆಣ್ಣಾಳಿಗೆ ದಿನಕ್ಕೆ ಎರಡೂವರೆ ರೂಪಾಯಿ. ಹೆಣ್ಣು ಮಗುವನ್ನು ಕಳಕೊಂಡ ಅಪ್ಪ ನಾನು, ಹೆಣ್ಣು ಮಗುವಿಗೆ ಮೂವತ್ತೊಂದು ಎಂದು ಬರೆಯುವಾಗಲೂ ಅಕ್ಷರ ಸಾಲು ತಪ್ಪದ ಹಾಗೆ ನೋಡಿಕೊಂಡೆ.

ಇಷ್ಟಕ್ಕೇ ನಿಂತಿದ್ದರೆ! ಕೊಡಲಾಗದವರ ಹೆಸರನ್ನು ಪ್ರೇಮನಾಥ ಬೇರೆ ಬರೆದಿಟ್ಟ. ನವರಾತ್ರಿಯ ಶುಕ್ರವಾರ ಹೆರಿಗೆ ಮನೆಯ ಜಗಲಿಯಲ್ಲಿ ಪೂಜೆ ನಡೆಯುತ್ತಿತ್ತು, ಊರೆಲ್ಲ ಬರುತ್ತಿತ್ತು. ಮಂಗಳಾರತಿಯ ಮೊದಲು ಆ ಹೆಸರುಗಳನ್ನು ಓದಿದರೆ ನೆನಪಾಗಿ ಕೊಟ್ಟಾರು ಎಂದ. ಓದುವ ಗಂಟಲು ಯಾರದ್ದು? ಮಾಸ್ತರರದ್ದು. ದೇವಿಯ ಪಟದ ಎದುರು ನಿಂತು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ, ಇಂಥವಳ ಕಾಣಿಕೆ ಬಾಕಿ, ಇಂಥವಳ ಕಾಣಿಕೆ ಬಾಕಿ ಎಂದು ಕರೆದೆ. ಮೂರು ವರ್ಷ ಕರೆದೆ.

ಅಂಗಡಿಯ ಬಾಕಿ ಅಂಗಡಿಯವನಿಗೂ ನಮಗೂ ಇರುವ ಜಗಳ. ದೇವರ ಬಾಕಿ ಹಾಗಲ್ಲ. ಅದು ಮನೆಯಲ್ಲಿ ಮಕ್ಕಳ ಮೇಲೆ ಬರುತ್ತದೆ ಎಂದು ನಂಬಿದ ಜನ ನಾವು. ಮಗು ಎರಡು ದಿನ ಹಾಲು ಬಿಟ್ಟರೆ ಕವಡೆ ಹಾಕಿ ಪ್ರಶ್ನೆ ಇಡಿಸುತ್ತೇವೆ. ಪ್ರಶ್ನೆ ನೋಡುವ ಬಲ್ಯಾಯರು "ಒಂದು ಶಕ್ತಿಸ್ಥಾನದ್ದು ತೀರದೆ ಉಳಿದಿದೆ" ಎನ್ನುತ್ತಾರೆ. ಅಷ್ಟು ಸಾಕು, ಎಲ್ಲವೂ ಆ ಬಾಕಿಗೇ ಹೊಂದಿಕೊಳ್ಳುತ್ತದೆ. ಹೆಂಗಸರು ಹೆರಿಗೆ ಮನೆಗೆ ಬರುವುದನ್ನು ಬಿಟ್ಟರು. ತಿಂಗಳಿಗೆ ಏಳೆಂಟು ಇದ್ದ ಹೆರಿಗೆ ಎರಡಕ್ಕೆ ಇಳಿಯಿತು, ಒಂದಕ್ಕೆ ಇಳಿಯಿತು. ಆಗ ಎಮರ್ಜೆನ್ಸಿಯ ಕಾಲ, ಎಲ್ಲಿ ನೋಡಿದರೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಭಟ್ಟರು ನಕ್ಕು, "ಸರಕಾರದ ಕೆಲಸ ನಮ್ಮೂರಲ್ಲಿ ಒಳ್ಳೆ ಹಿಡಿದಿದೆ ಮಾಸ್ಟ್ರೇ, ಹೆರುವವರೇ ಇಲ್ಲ" ಎಂದರು. ಆ ವರ್ಷದ ವರದಿಯಲ್ಲಿ ನಾನು ಅದನ್ನೇ ಬರೆದೆ. ಶಾಲೆಯ ದಾರಿಯಲ್ಲಿ ಹೆಂಗಸರ ಕಂಕುಳಲ್ಲಿ ಹೊಸ ಕೂಸುಗಳು ಕಾಣುತ್ತಲೇ ಇದ್ದವು. ನಾನು ಅವನ್ನು ನೋಡುತ್ತಲೂ ಇದ್ದೆ.

ಬಾಗಿಯ ಮೊದಲನೆಯ ಹೆರಿಗೆ ೧೯೭೫ರಲ್ಲಿ ನಮ್ಮಲ್ಲೇ ಆಗಿತ್ತು. ಹೆಣ್ಣು. ಮೂವತ್ತೊಂದು ರೂಪಾಯಿ ಕೊಡಲಾಗಲಿಲ್ಲ. ಅವಳ ಹೆಸರನ್ನು ಎರಡು ನವರಾತ್ರಿಯಲ್ಲಿ ಕರೆದಿದ್ದೇನೆ. ಎರಡನೆಯ ಸಲ ಅವಳು ಮಗುವನ್ನು ಎತ್ತಿಕೊಂಡು ಜಗಲಿಯ ಕೆಳಗೆ ನಿಂತಿದ್ದಳು. ಹೆಸರು ಬಂದಾಗ ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ನಾನು ನೋಡಿದೆ, ಮುಂದಿನ ಹೆಸರಿಗೆ ಹೋದೆ.

೧೯೭೮ರ ಜನವರಿಯಲ್ಲಿ ಅವಳಿಗೆ ಎರಡನೆಯದು. ಅವರ ಮನೆಯ ಅಂಗಳದಲ್ಲಿ ನಿಂತರೆ ಹೆರಿಗೆ ಮನೆಯ ಹಂಚು ಕಾಣುತ್ತದೆ. ಕರೆದರೆ ಕೇಳುವಷ್ಟು ದೂರ. ಬೆಳಿಗ್ಗೆ ಆರು ಗಂಟೆಗೆ ಅತ್ತೆ ಪೂವಕ್ಕನೇ ಹೆರಿಗೆ ಮಾಡಿಸಿದಳು. ಪೂವಕ್ಕ ಊರಿನಲ್ಲಿ ನೂರಾರು ಹೆರಿಗೆ ಮಾಡಿಸಿದ ಹೆಂಗಸು. ಗಂಡು ಮಗು, ಚೆನ್ನಾಗಿ ಅತ್ತಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಏಳಾಯಿತು, ಎಂಟಾಯಿತು, ಹತ್ತಾಯಿತು. ಹನ್ನೊಂದೂವರೆಗೆ ಸುದ್ದಿ ತಿಳಿದು ಕೌಸಲ್ಯಾ ಓಡಿದಳು. ನಾನು ಜಗಲಿಯಲ್ಲಿ ದೇವಿಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಶೇಸಪ್ಪ ಮತ್ತು ಪಕ್ಕದ ಮನೆಯ ಇಬ್ಬರು ಅವಳನ್ನು ಚಾಪೆಯಲ್ಲಿ ಹೊತ್ತು ತಂದರು. ಹಿಂದಿನಿಂದ ಪೂವಕ್ಕ.

ಹೊಸಿಲಿನಲ್ಲಿ ಪೂವಕ್ಕ ಅವರನ್ನು ತಡೆದಳು.

"ನಿಲ್ಲಿ, ನಿಲ್ಲಿ. ಮೊದಲು ಇದು ಹಾಕ್ಬೇಕು. ಬಾಕಿ ಇಟ್ಟು ಒಳಗೆ ಹೋಗುದು ಹೇಗೆ?"

ಸೊಂಟದಿಂದ ಅರಸಿನದ ಬಟ್ಟೆಯ ಮುಡಿಪು ತೆಗೆದಳು. ದೇವಿಗೆಂದು ವರ್ಷಗಟ್ಟಲೆ ಕಟ್ಟಿಟ್ಟ ಚಿಲ್ಲರೆ. ಅರಸಿನ ಒಣಗಿ ಗಂಟು ಕಲ್ಲಾಗಿತ್ತು. ಉಗುರಿನಿಂದ ಬಿಚ್ಚಿದಳು, ಹಲ್ಲಿನಿಂದ ಬಿಚ್ಚಿದಳು. "ಹೆಂಗಸೇ, ಬಿಡು ಅದನ್ನು!" ಎಂದು ಕೌಸಲ್ಯಾ ಬಡಕೊಂಡಳು. ಹೊತ್ತವರು ಹೊಸಿಲು ದಾಟಲಿಲ್ಲ. ದೇವರದು ತೀರದೆ ಒಳಗಿಟ್ಟರೆ ಬದುಕುವವಳೂ ಬದುಕಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ನಾನು ಅಲ್ಲಿಯೇ ಇದ್ದೆ, ಎಣ್ಣೆಯ ಗಿಂಡಿ ಹಿಡಿದುಕೊಂಡು. ಮೂವತ್ತೊಂದು ವರ್ಷ ಮಕ್ಕಳನ್ನು ಗದರಿಸಿದ ನನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ.

ಗಂಟು ಬಿಚ್ಚಿತು. ನಾಣ್ಯಗಳು ಒಂದೊಂದಾಗಿ ಡಬ್ಬಿಯೊಳಗೆ ಬಿದ್ದವು. ಕೊನೆಯದು ಬೀಳುವಾಗ ಬಾಗಿ ಇರಲಿಲ್ಲ.

ಆ ನಿಮಿಷ ಉಳಿದಿದ್ದರೆ ಅವಳು ಬದುಕುತ್ತಿದ್ದಳೇ ಎಂದು ಆಮೇಲೆ ಕೌಸಲ್ಯಾಳನ್ನು ಕೇಳಿದೆ.

"ಆ ನಿಮಿಷದಿಂದ ಏನೂ ಆಗ್ತಿರ್ಲಿಲ್ಲ ಮಾಸ್ಟ್ರೇ," ಎಂದಳು. "ಆರು ಗಂಟೆಗೆ ತಂದಿದ್ರೆ ಒಂದು ಇಂಜೆಕ್ಷನ್. ಕಪಾಟಿನಲ್ಲಿ ಉಂಟು, ನೋಡಿ. ಅಲ್ಲೇ ಉಂಟು."

ನೋಡಿದೆ. ಸಣ್ಣ ಗಾಜಿನ ಶೀಶೆ, ಕಿರುಬೆರಳಿಗಿಂತ ಗಿಡ್ಡ. ಸರಕಾರ ಪುಕ್ಕಟೆ ಕೊಟ್ಟದ್ದು.

ಭಾನುವಾರ ಶಾಲೆಯ ಜಗಲಿಯಲ್ಲಿ ಕಮಿಟಿ ಸೇರಿತು. ಏಳು ಜನ. ನಾನು ಅಧ್ಯಕ್ಷ.

ಭಟ್ಟರು ಮೊದಲು ಮಾತೆತ್ತಿದರು. "ರೈಗಳೇ, ಆದದ್ದು ಆಗಿಹೋಯ್ತು, ಪಾಪ. ಈಗ ಒಂದು ಪುಣ್ಯಾಹ ಆಗ್ಬೇಕು. ಹೊಸಿಲಲ್ಲಿ ಸತ್ತದ್ದಲ್ವಾ, ಶುದ್ಧ ಮಾಡದೆ ಆಗುದಿಲ್ಲ."

"ಅದರ ಖರ್ಚು ಶೇಸಪ್ಪನೇ ಕೊಡುದು ನ್ಯಾಯ," ಎಂದ ಪ್ರೇಮನಾಥ. "ಹಳೆ ಬಾಕಿ ಬೇರೆ ಉಂಟು. ಒಟ್ಟಿಗೆ ತಪ್ಪುಕಾಣಿಕೆ ಅಂತ ಕಟ್ಟಿದ್ರೆ ದೇವಿಗೂ ಆಯ್ತು, ಕಮಿಟಿಗೂ ಆಯ್ತು."

"ತಪ್ಪು ಯಾರದ್ದು?" ಎಂದೆ.

"ಎಂತ ಮಾವ?"

"ತಪ್ಪುಕಾಣಿಕೆ ಅಂದೆಯಲ್ಲ. ತಪ್ಪು ಮಾಡಿದವ ಕಟ್ಟುದು ಅದು. ಯಾರ ತಪ್ಪು ಅಂತ ಕೇಳಿದೆ."

"ಕಣ್ಣೆದುರು ಆಸ್ಪತ್ರೆ ಇಟ್ಕೊಂಡು ಮನೆಯಲ್ಲಿ ಹೆತ್ತದ್ದು ಅವರ ತಪ್ಪಲ್ವಾ? ಮತ್ತೆ, ಅವನೆಂತ ಈಗ ಬಡವನಾ ಮಾವ? ಡಿಕ್ಲರೇಶನ್ ಕೊಟ್ಟು ಒಂದೂಕಾಲು ಎಕ್ರೆ ಗದ್ದೆ ನುಂಗಿದ. ಗದ್ದೆ ಕೇಳುವಾಗ ಬಾಯಿ ಉಂಟು, ದೇವರಿಗೆ ಮೂವತ್ತೊಂದು ಕೊಡುವಾಗ ಕೈ ಇಲ್ಲ."

ಮನಸ್ಸಿನೊಳಗಿದ್ದುದು ಕೊನೆಗೂ ಹೊರಬಿತ್ತು. ಗೇಣಿಯ ಕಾನೂನು ಬಂದು ಒಕ್ಕಲುಗಳಿಗೆ ಗದ್ದೆ ಹೋದ ವರ್ಷವೇ ನಮ್ಮ ಬೋರ್ಡು ಹುಟ್ಟಿದ್ದು. ಅದಕ್ಕೂ ಮೊದಲು ಒಕ್ಕಲಿನ ಹೆಂಗಸಿಗೆ ಕಷ್ಟ ಬಂದರೆ ಧಣಿಯ ಮನೆಯವರು ಗಾಡಿ ಕಟ್ಟುತ್ತಿದ್ದರು. ಗದ್ದೆ ಹೋದ ಸಿಟ್ಟನ್ನು ಎದುರು ನಿಂತು ತೀರಿಸಲು ಧೈರ್ಯವಿಲ್ಲದೆ, ದೇವಿಯ ಪಟದ ಕೆಳಗೆ ತಂದಿಟ್ಟಿದ್ದೆವು.

"ಆ ಒಂದೂಕಾಲು ಎಕ್ರೆ ನನ್ನದ್ದು ಪ್ರೇಮ," ಎಂದೆ. "ಹೊಟ್ಟೆ ಉರಿಯುದಾದ್ರೆ ನನಗೆ ಉರೀಬೇಕು. ನಿನಗೆ ಯಾಕೆ?"

ಮೂಲೆಯಲ್ಲಿ ಕುಳಿತ ಚೆನ್ನಪ್ಪ ರೈ ಎಲೆ ಅಡಿಕೆ ಜಗಿಯುತ್ತ, "ನಮ್ಮದು ಅಳಿಯಸಂತಾನ, ಮಾವನ ಆಸ್ತಿ ನಾಳೆ ಅಳಿಯನಿಗಲ್ವಾ ಮಾರಾಯ್ರೆ, ಉರಿ ಈಗಲೇ ಶುರು," ಎಂದ. ಇಬ್ಬರು ನಕ್ಕರು. ಪ್ರೇಮನಾಥನ ಮುಖ ಕಪ್ಪಾಯಿತು.

ಭಟ್ಟರು ಸಮಾಧಾನಕ್ಕೆ ಬಂದರು. "ಸಿಟ್ಟು ಬೇಡ. ಖರ್ಚು ಉಂಟಲ್ಲ? ಹತ್ತಿ, ಡೆಟ್ಟಾಲು, ಸೀಮೆಎಣ್ಣೆ, ಹಾಸುವ ಬಟ್ಟೆ. ಅಲ್ಲದೆ ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುದಿಲ್ಲ ಮಾಸ್ಟ್ರೇ."

"ಭಟ್ರೇ, ನೀವು ಹುಟ್ಟುವಾಗ ನಿಮ್ಮ ಅಮ್ಮ ಯಾರಿಗೆ ಎಷ್ಟು ಕಟ್ಟಿದ್ರು?"

"ಅದೆಂತ ಮಾತು!"

"ಪುಕ್ಕಟೆ ಹುಟ್ಟಿದವರು ನಾವೆಲ್ಲ. ಬೆಲೆ ಇಲ್ವಾ ನಮಗೆ? ಮೊನ್ನೆ ಗರ್ಭಗುಡಿಗೆ ತಾಮ್ರ ಹೊದಿಸಿದ್ದು ಇದೇ ಏಳು ಜನ ಅಲ್ವಾ? ಎರಡು ತಿಂಗಳಲ್ಲಿ ಮನೆಮನೆ ತಿರುಗಿ ಸೇರಿಸಿದ್ದೇವೆ. ತಾಮ್ರದ ಪಾಲು ಕೊಡದವನನ್ನು ದೇವಸ್ಥಾನದ ಬಾಗಿಲಲ್ಲಿ ನಿಲ್ಲಿಸಿದ್ದೀರಾ? ದೇವರ ತಲೆಗೆ ಮಳೆ ಬೀಳಬಾರ್ದು ಅಂತ ಊರೇ ಕೊಟ್ಟಿತು. ಹೆರುವವಳ ಕೆಳಗೆ ಹಾಸುವ ಬಟ್ಟೆಗೆ ಮಾತ್ರ ಹೆರುವವಳೇ ಕೊಡ್ಬೇಕಾ? ಯಾವ ಶಾಸ್ತ್ರ ಇದು? ತೆಗೆದು ತೋರಿಸಿ ನನಗೆ!"

ನನ್ನ ಸ್ವರ ಗುಡ್ಡದ ಆಚೆಗೆ ಕೇಳಿತಂತೆ. ಕಡೆಗೆ ಚೆನ್ನಪ್ಪ, "ಅರ್ಧ ಮಾಡುವಾ. ಗಂಡಿಗೆ ಇಪ್ಪತ್ತೈದು, ಹೆಣ್ಣಿಗೆ ಹದಿನೈದು," ಎಂದ. ಉಳಿದವರು ಸಂತೆಯಲ್ಲಿ ಚೌಕಾಸಿ ಮುಗಿದವರ ಹಾಗೆ ತಲೆಯಾಡಿಸಿದರು.

ನಾನು ಎದ್ದು ನೇರ ಹೆರಿಗೆ ಮನೆಗೆ ನಡೆದೆ. ಜಾಗ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ಕತ್ತಿಯ ಹಿಂಬದಿಯಿಂದ ಡಬ್ಬಿಯನ್ನು ಕಿತ್ತೆ. ಬೋರ್ಡನ್ನು ಇಳಿಸಿ, ಅಂಗಳದಲ್ಲಿ ಕುಳಿತು, ಅದೇ ಕತ್ತಿಯಿಂದ ನನ್ನ ಅಕ್ಷರಗಳನ್ನು ಕೆರೆದೆ. ಬಣ್ಣ ಗಟ್ಟಿಯಾಗಿ ಕುಳಿತಿತ್ತು. ಒಳ್ಳೆಯ ಬಣ್ಣ ನಾನೇ ಪುತ್ತೂರಿನಿಂದ ತರಿಸಿದ್ದೆ.

ಇನ್ನು ಬರುತ್ತಾರೆ ಎಂದುಕೊಂಡೆ. ಒಂದು ತಿಂಗಳು ಕಳೆಯಿತು. ಒಬ್ಬಳೂ ಬರಲಿಲ್ಲ.

ಮೀನು ಮಾರುವ ಮೊಯ್ದಿನಬ್ಬನಿಂದ ಕಾರಣ ತಿಳಿಯಿತು. ಅವನು ಸೈಕಲಿನಲ್ಲಿ ಮನೆಮನೆಯ ಹಿತ್ತಿಲಿಗೆ ಹೋಗುವವನು; ಗಂಡಸರ ಕಿವಿಗೆ ಬೀಳದ್ದು ಅವನ ಕಿವಿಗೆ ಬೀಳುತ್ತದೆ. ಅವನ ಹೆಂಡತಿ ನೆಬೀಸ ಬಸುರಿ ಎಂದು ನನಗೆ ಗೊತ್ತಿತ್ತು. ಹಿಂದಿನ ಸಲ ಅವಳಿಗೆ ಮನೆಯಲ್ಲೇ ಸತ್ತ ಮಗು ಹುಟ್ಟಿ, ಅವಳೂ ಕೈಬಿಟ್ಟ ಹಾಗಾಗಿ ಉಳಿದಿದ್ದಳು.

"ಬೊಲೆಂಜಿರ್ ಉಂಟು ಮಾಸ್ಟ್ರೇ, ಕಣ್ಣು ಬಿಟ್ಟು ನಿಮ್ಮನ್ನೇ ನೋಡ್ತಾ ಉಂಟು."

"ಮೀನು ಇರಲಿ ಮಾರಾಯ. ನೆಬೀಸಳಿಗೆ ಎಷ್ಟಾಯ್ತು?"

"ಎಂಟಕ್ಕೆ ಬಿತ್ತು. ನರ್ಸಮ್ಮ ಹೊಟ್ಟೆ ಮುಟ್ಟಿ ಎರಡು ಉಂಟು ಹೇಳಿದ್ರು. ಮನೆಯಲ್ಲಿ ಹೆತ್ರೆ ತಾಯಿ ಉಳಿಯುದಿಲ್ಲ, ಆಸ್ಪತ್ರೆಗೇ ತರ್ಬೇಕು ಅಂತ ಬೈದ್ರು. ನಾನು ನಿಮ್ಮ ಬೋರ್ಡು ನೋಡಿದ್ದೆ ಮಾಸ್ಟ್ರೇ. ಅವಳಿ ಮಕ್ಕಳಿಗೆ ನೂರ ಒಂದು! ಎರಡೂ ಹೆಣ್ಣಾದ್ರೆ ಮೂವತ್ತೊಂದು ಮೂವತ್ತೊಂದು ಅರುವತ್ತೆರಡಲ್ವಾ ಆಗುದು? ಬೊಲೆಂಜಿರಿಗೂ ಇಂಥ ಲೆಕ್ಕ ಇಲ್ಲ ನಮ್ಮಲ್ಲಿ."

ನಗು ಬರಲಿಲ್ಲ. "ಬೋರ್ಡು ತೆಗೆದಾಯ್ತಲ್ಲ?"

ಅವನು ಸೈಕಲನ್ನು ಕಟ್ಟೆಗೆ ಒರಗಿಸಿದ. "ಹೇಳಿದ್ರೆ ಬೇಜಾರು ಮಾಡ್ಬೇಡಿ. ನೀವು ಗೋಡೆಯಿಂದ ತೆಗೆದ್ರಿ. ಕಮಿಟಿಯ ಬೋರ್ಡು ಕಮಿಟಿ ತೆಗೀಬಹುದು, ದೇವರ ಬಾಕಿ ಕಮಿಟಿ ತೆಗೀಲಿಕ್ಕೆ ಆಗ್ತದಾ ಅಂತ ಹೆಂಗಸರು ಕೇಳ್ತಾರೆ. ದೇವಿಯ ಎದುರು ಹೆಸರು ಕರೆದದ್ದು ನೀವೇ ಅಲ್ವಾ? ಅದು ಹಾಗೇ ಉಂಟು. ಬಾಗಿ ಸತ್ತ ಮೇಲಂತೂ ದೇವಿಯೇ ತೆಗೊಂಡದ್ದು ಅಂತ ಗಟ್ಟಿಯಾಯ್ತು."

"ನೆಬೀಸಳಿಗೆ ಎಂಥ ಬಾಕಿ?"

"ಅವಳಿಗೆ ಎಂತ ಇಲ್ಲ. ಆದ್ರೆ ಪೂವಕ್ಕ ಕೈ ಹಿಡೀದೆ ಅವಳು ಹೆರುದಿಲ್ಲ. ಹೋದ ಸರ್ತಿ ಜೀವ ಹಿಡಿದು ಕೊಟ್ಟದ್ದು ಪೂವಕ್ಕ. ಪೂವಕ್ಕ ಆ ಹೊಸಿಲು ಇನ್ನು ತುಳೀದಿಲ್ಲ ಹೇಳಿದ್ದಾಳೆ. ಅವಳು ಇಲ್ಲದೆ ನಾನೂ ಇಲ್ಲ ಹೇಳ್ತಾಳೆ ಇವಳು. ನಾನು ನಡುವಿನಲ್ಲಿ ಒಣಮೀನು ಮಾಸ್ಟ್ರೇ."

ಮಾತು ತಮಾಷೆಯದು. ಹೇಳಿದವನು ಮೀನು ಕೊಡುವುದನ್ನೇ ಮರೆತು ಸೈಕಲು ಹತ್ತಿ ಹೋದ.

ಮರುದಿನ ಬೆಳಿಗ್ಗೆ ಪೂವಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಬಾಗಿಯ ಹೆಣ್ಣು ಮಗು ಎಲೆಯ ಚೂರುಗಳಲ್ಲಿ ಆಡುತ್ತಿತ್ತು, ಕೂಸು ತೊಟ್ಟಿಲಲ್ಲಿತ್ತು. ಪೂವಕ್ಕ ಏಳಲಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ. ಮೊದಲಾದರೆ ಹೀಗೆ ಆಗುತ್ತಿರಲಿಲ್ಲ. ಇನ್ನೂ ಮೊದಲೇ ಹೀಗೆ ಆಗಬೇಕಿತ್ತು.

"ಪೂವಕ್ಕ, ತಪ್ಪು ನನ್ನದು," ಎಂದೆ. "ಎಲ್ಲರ ಬಾಕಿಯನ್ನು ನಾನು ಹೊತ್ತುಕೊಳ್ತೇನೆ."

"ನೀವು ಹೊತ್ಕೊಂಡ್ರೆ ಬಾಗಿ ಎದ್ದು ಬರ್ತಾಳಾ?"

"ಇಲ್ಲ."

ಅವಳ ಕೈ ನಿಲ್ಲಲಿಲ್ಲ. ನಾಲ್ಕು ಬೀಡಿ ಕಟ್ಟಿದಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ನನ್ನ ಅಂಗಳದಲ್ಲಿ ಹೇಳಿದ್ರೆ ದೇವಿಗೆ ಕೇಳ್ತದಾ? ಕರೆದ ಜಾಗದಲ್ಲೇ ಹೇಳಿ. ಕರೆದ ಬಾಯಿಯಲ್ಲೇ ಹೇಳಿ. ಅವತ್ತು ಕೇಳಿದವರೆಲ್ಲ ಇವತ್ತೂ ಕೇಳ್ಲಿ."

ಭಟ್ಟರಲ್ಲಿ ಹೋಗಿ ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. "ಒಬ್ಬರ ಹರಕೆ ಇನ್ನೊಬ್ಬ ಹೊರಬಹುದು ಮಾಸ್ಟ್ರೇ. ಆದ್ರೆ ಹೊತ್ತವನೇ ತೀರಿಸ್ಬೇಕು, ಇಲ್ಲದಿದ್ರೆ ಅವನ ಮೇಲೇ ಬರ್ತದೆ," ಎಂದರು. "ನನ್ನ ಮೇಲೆ ಬರಲಿಕ್ಕೆ ಇನ್ನೆಂತ ಉಳಿದಿದೆ ಭಟ್ರೇ?" ಎಂದೆ. ಶುಕ್ರವಾರ ತಾವೇ ಬಂದು ಸಂಕಲ್ಪದ ನೀರು ಬಿಡಿಸುವುದಾಗಿ ಹೇಳಿದರು.

ಶುಕ್ರವಾರ ಬೆಳಿಗ್ಗೆ ಜಗಲಿಯ ಮುಂದೆ ಜನ ಸೇರಿದರು. ಮೊಯ್ದಿನಬ್ಬ ಮೀನಿನ ಬುಟ್ಟಿಯನ್ನು ರಸ್ತೆಯ ಆಚೆ ಇಟ್ಟು ಬಂದು ನಿಂತ. ಪ್ರೇಮನಾಥ ಬೇಲಿಗೆ ಒರಗಿ, "ಮಾವನಿಗೆ ಅರಳುಮರಳು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಪೂವಕ್ಕ ಎಲ್ಲರಿಗಿಂತ ಹಿಂದೆ, ಕೂಸನ್ನು ಎತ್ತಿಕೊಂಡು.

ನಾನು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಪಟದ ಎದುರು ನಿಂತೆ. ಐವತ್ತು ವರ್ಷ ಕೈಮುಗಿದ ಮುಖ ಅದು. ಅಂದು ಕೈಮುಗಿಯುವ ಮೊದಲು ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಅಮ್ಮಾ, ನಿನ್ನ ಹೆಸರಿನಲ್ಲಿ ನಾವು ಬಾಗಿಲಲ್ಲಿ ಕುಳಿತು ಬಡವರ ಹೊಟ್ಟೆಯ ಮೇಲೆ ಕೈಯಿಟ್ಟೆವು. ಮೂರು ವರ್ಷ ನಿನ್ನ ಎದುರಿನಲ್ಲೇ ಹಾಜರಿ ಕರೆದೆ. ನೀನು ಒಂದು ದಿನವಾದರೂ ನನ್ನ ನಾಲಗೆಯನ್ನು ಕಟ್ಟಬಾರದಿತ್ತೇ? ಇದನ್ನು ಬಾಯಿಬಿಟ್ಟೇ ಹೇಳಿದೆನೆಂದು ಆಮೇಲೆ ವಾರಿಜಾಕ್ಷಿ ಹೇಳಿದಳು. ಜನರು ಬೆಚ್ಚಿದರಂತೆ.

ಭಟ್ಟರು ಕೈಗೆ ನೀರು, ಅಕ್ಕಿ ಕೊಟ್ಟರು. ಹೆಸರಿನ ಪುಸ್ತಕ ಬಿಡಿಸಿ, ಹಿಂದೆ ಕರೆದ ಅದೇ ಸ್ವರದಲ್ಲಿ ಕರೆದೆ. ಒಂದೊಂದು ಹೆಸರಿಗೂ, "ಇವಳದು ಬಾಕಿ ಇಲ್ಲ. ಬಾಕಿ ನನ್ನದು," ಎಂದು ನೀರು ಬಿಟ್ಟೆ. ಹದಿನೇಳು ಹೆಸರು. ಕೆಲವು ಹೆಂಗಸರು ಅಲ್ಲಿಯೇ ಅತ್ತರು. ಕೊನೆಯ ಹೆಸರು ಬಾಗಿಯದು. ಅದಕ್ಕೆ ಏನು ಹೇಳಬೇಕೆಂದು ತೋಚಲಿಲ್ಲ. ಬಾಕಿ ನನ್ನದು ಎಂದರೆ ಮೂವತ್ತೊಂದು ರೂಪಾಯಿಯ ಮಾತಾಗುತ್ತದೆ. "ಇವಳನ್ನು ನಾನು ಹೊಸಿಲಲ್ಲಿ ನಿಲ್ಲಿಸಿದೆ," ಎಂದೆ. ನೀರು ಬಿಟ್ಟೆ. ತಿರುಗಿ ನೋಡುವಾಗ ಪೂವಕ್ಕ ಹೊರಟುಹೋಗಿದ್ದಳು.

ವಾರಿಜಾಕ್ಷಿ ಮುಂದೆ ಬಂದು ಕೌಸಲ್ಯಾಳ ಕೈಯಲ್ಲಿ ಒಂದು ಗಂಟು ಇಟ್ಟಳು. ಅಮ್ಮುವಿನ ಬಳೆಗಳು, ಸರ. ಹದಿನಾಲ್ಕು ವರ್ಷ ಪೆಟ್ಟಿಗೆಯಲ್ಲಿದ್ದವು. ನಾನು ಮುಟ್ಟಲು ಬಿಟ್ಟಿರಲಿಲ್ಲ. ಅವಳು ನನ್ನನ್ನು ಕೇಳಲೂ ಇಲ್ಲ. "ಹತ್ತಿಗೂ ಬಟ್ಟೆಗೂ ಆಗ್ಲಿ ನರ್ಸಮ್ಮ. ಪೆಟ್ಟಿಗೆಯಲ್ಲಿ ಯಾರು ಹೆರ್ತಾರೆ?" ಎಂದಳು. ಅದನ್ನು ಕೇಳಿ ಚೆನ್ನಪ್ಪ ರೈ ಬಾಯಿಯ ಎಲೆಯನ್ನು ಉಗಿದು, ವರ್ಷಕ್ಕೊಂದು ಮಣ ಅಡಿಕೆ ತನ್ನದು ಎಂದ. ಇನ್ನಿಬ್ಬರು ಅವನ ಮುಖ ನೋಡಿ ತಾವೂ ಎಂದರು. ಪ್ರೇಮನಾಥ ಹೊರಟುಹೋದ. ಇಂದಿನವರೆಗೂ ಅವನು ನನ್ನ ಮನೆಯ ಮೆಟ್ಟಿಲು ಹತ್ತಿಲ್ಲ.

ಆ ಮೇಲೂ ಯಾರೂ ಬರಲಿಲ್ಲ. ನಾನು ದಿನವೂ ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಕುಳಿತೆ. ಬಾಯಲ್ಲಿ ದೇವಿಯ ನಾಮ, ಕಣ್ಣು ರಸ್ತೆಯಲ್ಲಿ. ಪೂವಕ್ಕ ಬರದಿದ್ದರೆ ನೆಬೀಸ ಬರುವುದಿಲ್ಲ. ನೆಬೀಸ ಮನೆಯಲ್ಲಿ ಹೆತ್ತರೆ ಮೂರು ಜೀವ. ಕೌಸಲ್ಯಾ ಎರಡು ಸಲ ಅವರ ಮನೆಗೆ ಹೋಗಿ ಬೈದು ಬಂದಳು.

ಇಪ್ಪತ್ತೆರಡನೆಯ ದಿನ, ಹಗಲು ಹನ್ನೊಂದು ಗಂಟೆ. ರಸ್ತೆಯ ತಿರುವಿನಲ್ಲಿ ಮೊಯ್ದಿನಬ್ಬನ ಸೈಕಲು ಕಾಣಿಸಿತು. ಮೀನಿನ ಬುಟ್ಟಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ನೆಬೀಸ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು. ಅವನು ಸೈಕಲನ್ನು ನೂಕುತ್ತ ಓಡುತ್ತಿದ್ದ. ಪಕ್ಕದಲ್ಲಿ ಅವಳ ಬೆನ್ನನ್ನು ತನ್ನ ಭುಜಕ್ಕೆ ಆನಿಸಿಕೊಂಡು ಓಡುತ್ತಿದ್ದವಳು ಪೂವಕ್ಕ.

ಅಂಗಳಕ್ಕೆ ಬಂದರು. ಜಗಲಿ ಹತ್ತಿದರು. ಕೌಸಲ್ಯಾ ಬಾಗಿಲನ್ನು ಪೂರಾ ತೆರೆದು ನಿಂತಿದ್ದಳು. ಹೊಸಿಲಿಗೆ ಬಂದಾಗ ಪೂವಕ್ಕನ ಕಾಲು ನಿಂತಿತು. ಡಬ್ಬಿ ಇದ್ದ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಉಳಿದಿದ್ದವು. ಅವಳ ಕಣ್ಣು ಅಲ್ಲಿಗೆ ಹೋಯಿತು. ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಗಿ ಮುಡಿಪಿದ್ದ ಜಾಗವನ್ನು ತಡಕಿತು. ನೆಬೀಸ ಬಾಗಿಲಿನ ದಾರಂದವನ್ನು ಹಿಡಿದು ಕೂಗಿಕೊಂಡಳು.

"ಬೇಡ!" ಎಂದು ಅಬ್ಬರಿಸಿದೆ. "ಏನೂ ಹಾಕ್ಲಿಕ್ಕಿಲ್ಲ! ಒಳಗೆ ನಡೀರಿ! ಒಳಗೆ!"

ಜಗಲಿಯ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಪೂವಕ್ಕ ನನ್ನ ಕಡೆಗೆ ತಿರುಗಿದಳು. ಬಾಗಿ ಸತ್ತ ಮೇಲೆ ಅವಳು ನನ್ನ ಮುಖವನ್ನು ನೇರ ನೋಡಿದ್ದು ಅದೇ ಮೊದಲು.

"ಬಾಗಿಯ ದಿವಸ ಈ ಬೊಬ್ಬೆ ಎಲ್ಲಿತ್ತು ಮಾಸ್ಟ್ರೇ?"

ಅಷ್ಟು ಹೇಳಿ ನೆಬೀಸಳ ಸೊಂಟಕ್ಕೆ ಕೈ ಕೊಟ್ಟು ಎತ್ತಿಕೊಂಡ ಹಾಗೆ ಒಳಗೆ ಕರೆದೊಯ್ದಳು. ಕೌಸಲ್ಯಾ ಬಾಗಿಲು ಹಾಕಿದಳು. ನಾನೂ ಮೊಯ್ದಿನಬ್ಬನೂ ಜಗಲಿಯಲ್ಲಿ ಕುಳಿತೆವು. ಅವನು ತನ್ನ ದೇವರನ್ನು ಕರೆದ. ನಾನು ನನ್ನವಳನ್ನು ಕರೆಯಲು ಬಾಯಿ ತೆರೆದೆ. ಪೂವಕ್ಕನ ಮಾತೇ ಬಾಯಿಗೆ ಬಂತು.

ಒಂದು ಗಂಟೆಗೆ ಒಂದು ಮಗು ಅತ್ತಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಕಪಾಟು ತೆರೆದ ಸದ್ದು, ಅದರ ಹಿಂದೆಯೇ ನೀರು ಕೇಳುವ ನೆಬೀಸಳ ಸ್ವರ.